ಎಂಟು ಜಿಬಿಯಲ್ಲಿ ಮುನ್ನೂರು ಕುರಿ

ಅನಗೋಳದ ವಿನಯನ ಕಂಪ್ಯೂಟರ್ ಅಂಗಡಿಯಲ್ಲಿ ಮುನ್ನೂರು ಕುರಿಗಳು ಬೆಳಗಿನಿಂದ ನಿಂತಲ್ಲೇ ನಿಂತಿದ್ದವು. ಕಂಪ್ಯೂಟರಿನ ಪರದೆಯ ಮೇಲೆ ಅವನ್ನು ಗುಡ್ಡದಿಂದ ಇಳಿಸಬೇಕಾದವಳು ಅನುರಾಧಾ. ಇಳಿಸಲು ಹೋದಾಗಲೆಲ್ಲ ಒಂದೇ ಉತ್ತರ: ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಸಾಲದು.

ಖಾನಾಪುರದ ಕಂಬಳಿ ನೇಕಾರರ ಸಂಘ ಕುರಿಗಾರರ ಬದುಕಿನ ಮೇಲೆ ಹನ್ನೆರಡು ಅನಿಮೇಶನ್ ಕಿರುಚಿತ್ರ ಮಾಡಿಸಬೇಕೆಂದಿತ್ತು. ನಾಳೆ ಹನ್ನೊಂದಕ್ಕೆ ಮೊದಲನೆಯದನ್ನು ತೋರಿಸಿ ಮೆಚ್ಚಿಸಿದರೆ ಉಳಿದವೂ ಅವಳ ಕೈಗೆ. ಇಲ್ಲವಾದರೆ ಪುಣೆಯ ಒಂದು ಕಂಪನಿಯವರಿಗೆ. ಕುರಿಗಾರರ ಮನೆಯ ಮಗಳೇ ಇರುವಾಗ ಕುರಿಯ ಕತೆಯನ್ನು ಬೇರೆಯವರು ಹೇಳುವುದೆಂದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

"ಎಂಟು ಜಿಬಿ ಕಾರ್ಡು ಇಷ್ಟು ಭಾರ ಹೊರೂದಿಲ್ಲವ್ವಾ," ಎಂದ ಅಂಗಡಿಯ ವಿನಯ. "ಹದಿನಾರರದು ಬೇಕು. ಅದು ಬರಾಕ ಒಂದು ವಾರ. ಸಂಘದವ್ರಿಗೆ ಫೋನ್ ಹಚ್ಚಿ ಆಗೂದಿಲ್ಲ ಅಂದುಬಿಡೂಣು."

ಕ್ಯಾಂಪಿನ ಆಸ್ಪತ್ರೆಯಲ್ಲಿ ಕಣ್ಣು ತೋರಿಸಿಕೊಳ್ಳಲು ಬೀಡಿ ಎಂಬ ಹಳ್ಳಿಯಿಂದ ಬಂದಿದ್ದ ಅವಳ ಅಜ್ಜ ಭರಮಪ್ಪ ಬಾಗಿಲ ಬಳಿ ಕುಳಿತಿದ್ದ. ಎದ್ದು ಬಂದು ಪರದೆಯನ್ನು ದಿಟ್ಟಿಸಿದ.

"ಏನವ್ವಾ, ನಿನ್ನ ಹಿಂಡು ಯಾಕ ಮಿಸುಕವಲ್ದು?"

"ಒಳಗ ಜಾಗಾ ಸಾಲವಲ್ದು ಅಜ್ಜಾ. ಒಂದೊಂದು ಕುರಿಗೂ ಬ್ಯಾರೆ ಮಾರಿ, ಬ್ಯಾರೆ ಉಣ್ಣಿ, ಕಣ್ಣಿನ ರೆಪ್ಪಿ ಸುದ್ದಾ ಬ್ಯಾರೆ ಬರದೇನಿ. ಅಷ್ಟೂ ಒಮ್ಮೆಲೇ ಈ ಕಾರ್ಡಿನ್ಯಾಗ ಕುಂದರಬೇಕು."

"ಹಂಗ್ಯಾಕ ಮಾಡಿದಿ?"

"ಎರಡು ಕುರಿ ಒಂದ ನಮೂನಿ ಇರೂದಿಲ್ಲ ಅಂತ ಹೇಳ್ದಾವ ನೀನ ಅಲ್ಲೇನು?"

ಹೌದು, ಅವರ ಮನೆಯಲ್ಲಿ ಒಂದು ಕುರಿಯನ್ನು ಇನ್ನೊಂದೆಂದು ತಪ್ಪಿ ಕರೆದರೆ ನಗೆಪಾಟಲು. ಪ್ರತಿ ಕುರಿಗೂ ಬೇರೆ ಮುಖ ಬರೆಯುವ ತಪ್ಪನ್ನು ಪುಣೆಯವರು ಮಾಡುತ್ತಲೇ ಇರಲಿಲ್ಲ.

ಭರಮಪ್ಪ ಮೀಸೆಯೊಳಗೇ ನಕ್ಕ. "ಹಂಗಾರ ತಪ್ಪು ನಂದ. ಅರ್ಧಾನ ಹೇಳೇನಿ. ಗುಡ್ಡದ ಮ್ಯಾಲಿನ ಕುರಿ ನನಗ ಬರೇ ಚುಕ್ಕಿ ನೋಡು. ಬಾಜೂ ಬಂದ ಮ್ಯಾಲ ಅದಕ್ಕ ಮಾರಿ, ಕಿವಿ, ಹೆಸರು."

"ದೂರಿದ್ದಾಗ ಹಿಂಡು ನೆಟ್ಟಗೈತಿ ಅಂತ ಹೆಂಗ ತಿಳೀತೈತಿ?"

"ಮುಂದ ನಡಿಯೂದು, ಹಿಂದ ಕುಂಟೂದು, ಹೊಸಾ ಮರಿ ಹಾಕಿದ್ದು. ಹಿಂಗ ಹತ್ತು ಹನ್ನೆರಡು ನೋಡ್ಕೋತೇನಿ. ಉಳಿದದ್ದು ನಮ್ಮ ದೇವ್ರು ಬೀರಪ್ಪ ನೋಡ್ಕೋತಾನ."

ದೇವರು ಪ್ರತಿ ಕುರಿಗೂ ಬೇರೆ ಮುಖ ಕೊಟ್ಟಿದ್ದಾನೆ, ನಿಜ. ಆದರೆ ಕಾಯುವವನ ಕಣ್ಣಿಗೆ ಅಷ್ಟೂ ಮುಖಗಳನ್ನು ಒಮ್ಮೆಗೇ ಹೊರಿಸಿಲ್ಲ. ಅದೂ ಅವನ ಕರುಣೆಯೇ.

ಅನುರಾಧಾ ಹನ್ನೆರಡು ಕುರಿಗಳನ್ನು ಇದ್ದ ಹಾಗೇ ಉಳಿಸಿದಳು. ಉಳಿದವಕ್ಕೆಲ್ಲ ಐದೇ ಬಗೆಯ ಉಣ್ಣೆ ಹಂಚಿದಳು; ಎತ್ತರ, ನಡಿಗೆ ಮಾತ್ರ ಬೇರೆ ಬೇರೆ. ದೂರದವಕ್ಕೆ ರೆಪ್ಪೆ ತೆಗೆದು ಮೈಗೆ ಕಡಿಮೆ ವಿವರದ ಸಣ್ಣ ಚಿತ್ರ ಹಚ್ಚಿದಳು. ಮೆಮೊರಿಯ ಅಂಕಿ ಇಳಿಯಿತು: ಹನ್ನೊಂದು, ಒಂಬತ್ತು, ಏಳು. ಆರರ ಹತ್ತಿರ ಬಂದು ನಿಂತಿತು. ಗುಂಡಿ ಒತ್ತಿದಳು. ಮುಂದಿನ ಕುರಿ ತಲೆಯೆತ್ತಿ ಕಾಲಿಟ್ಟಿತು. ಇಡೀ ಗುಡ್ಡವೇ ಅದರ ಹಿಂದೆ ಕದಲಿತು.

"ಶಿವನ," ಎಂದು ವಿನಯ ಕುರ್ಚಿ ಎಳೆದುಕೊಂಡ. "ಇದ ಕಾರ್ಡಿನ್ಯಾಗ?"

ಮರುದಿನ ಕಂಪ್ಯೂಟರಿನ ಪೆಟ್ಟಿಗೆಯನ್ನೇ ಹೊತ್ತು ಮೂವರೂ ಖಾನಾಪುರಕ್ಕೆ ಹೋದರು. ಸಂಘದ ಭವನದಲ್ಲಿ ಹಿಂಡು ಇಳಿಯತೊಡಗಿದಾಗ ನೇಕಾರರೆಲ್ಲ ಮುಂದಕ್ಕೆ ಬಗ್ಗಿ ನೋಡಿದರು. ಅವರಲ್ಲಿ ಮುದುಕ ಮುತ್ತಪ್ಪನಿಗೆ ತಡೆಯಲಾಗಲಿಲ್ಲ.

"ಆ ಹಿಂದಿನದು ಕುಂಟಾಕತ್ತೇತಿ. ಯಾರರ ಎತ್ಕೋರೆಪಾ. ಯಾರ ಹಿಂಡು ಇದು?"

"ನಮ್ಮ ಅನುರಾಧಾಂದು," ಎಂದ ಭರಮಪ್ಪ.

ಸಂಘದ ಅಧ್ಯಕ್ಷೆ ಸಾತವ್ವ ಇನ್ನೊಮ್ಮೆ ತೋರಿಸೆಂದಳು, ಮತ್ತೊಮ್ಮೆ ಎಂದಳು. ಮೂರನೆಯ ಸಲ ಮುಗಿದಾಗ ಕಾರ್ಯದರ್ಶಿಯ ಕಡೆ ತಿರುಗಿದಳು. "ಪುಣೇದವ್ರಿಗೆ ಬರಬ್ಯಾಡ್ರಿ ಅನ್ನು. ಹನ್ನೆರಡೂ ಈಕಿನ ಮಾಡ್ಲಿ."

ಸೊಂಟದ ಚೀಲದಿಂದ ಬೀರಪ್ಪನ ಅರಿಶಿನಪುಡಿ, ಭಂಡಾರ ತೆಗೆದು ಅನುರಾಧಾಳ ಹಣೆಗೆ ಹಚ್ಚಿದಳು. ಆ ಹಳದಿ ಕೈ ಪೆಟ್ಟಿಗೆಯ ಕಡೆ ಹೊರಟಿತು.

"ಯವ್ವಾ, ಒಳಗ ಪುಡಿ ಹೋದೀತು," ಎಂದು ವಿನಯ ಅಡ್ಡ ಬಂದ.

"ಮುನ್ನೂರು ಕುರಿ ಹಿಡಿದೈತಿ. ಚಿಟಿಕಿ ಭಂಡಾರ ಹಿಡ್ಯೂದಿಲ್ಲನು?"

ಭವನವೆಲ್ಲ ನಕ್ಕಿತು. ವಿನಯ ಕೈ ಮುಗಿದು ಬದಿಗೆ ಸರಿದ. ಪರದೆಯ ಮೇಲೆ ಹಿಂಡು ನಾಲ್ಕನೆಯ ಸಲ ಗುಡ್ಡ ಇಳಿಯತೊಡಗಿತು.