ಕಂಬಳಿ ಮಡಿಕೆಯೊಳಗಿನ ಭಂಡಾರ

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ಆ ಬೆಟ್ಟವನ್ನು ಫೋನಿನಲ್ಲಿ ನೋಡಿ ಮರುಳಾದವಳು ನಾನು. ನಮ್ಮ ಮಾವ ಓಬಯ್ಯ ನೇಯ್ದ ಕರಿಕಂಬಳಿಯ ಫೋಟೊ ತೆಗೆದು, ದೇಶಕ್ಕೆಲ್ಲ ಸಾಮಾನು ಮಾರುವ ದೊಡ್ಡ ಆನ್‌ಲೈನ್ ಅಂಗಡಿಯೊಳಗೆ ನಮ್ಮದೂ ಒಂದು ಅಂಗಡಿ ತೆರೆದು ನಾನೇ ಹಾಕಿದೆ. ಪಟ್ಟನಾಯಕನಹಳ್ಳಿ ಪಕ್ಕದ ನಮ್ಮೂರಿಗೆ ಮೊದಲ ಸಲ ಕೊರಿಯರ್ ಗಾಡಿ ಬಂದ ದಿನ ಬೀದಿಯವರಿಗೆಲ್ಲ ಟೀ ಕೊಟ್ಟೆ.

ಸಂಭ್ರಮ ಒಂದು ತಿಂಗಳಿತ್ತು. ಆಮೇಲೆ ಕಂಬಳಿಗಳು ತವರಿಗೆ ಬರುವ ಹೆಣ್ಣುಮಕ್ಕಳಂತೆ ಒಂದೊಂದೇ ವಾಪಸು ಬಂದವು. ಚುಚ್ಚುತ್ತದೆ ಎಂದರು ಒಬ್ಬರು, ಕುರಿ ವಾಸನೆ ಎಂದರು ಇನ್ನೊಬ್ಬರು. ಕುರಿ ಉಣ್ಣೆಯ ಕಂಬಳಿಯಿಂದ ಮಲ್ಲಿಗೆ ವಾಸನೆ ಬರುತ್ತದೆಯೇ? ಹೋಗುವ ಖರ್ಚೂ ಬರುವ ಖರ್ಚೂ ನಮ್ಮದೇ. ಆದರೆ ಹೆಚ್ಚಿನವರು ಬರೆದದ್ದು ಒಂದೇ ದೂರು: ‘ಒಳಗೆ ಹಳದಿ ಕಲೆ ಇದೆ.’

ಮಾವ ಮಡಿಸಿ ಕೊಟ್ಟದ್ದನ್ನು ನಾನು ಬಿಚ್ಚದೆ ಹಾಗೇ ಪ್ಯಾಕ್ ಮಾಡುತ್ತಿದ್ದೆ. ಒಂದು ದಿನ ಅವರು ಮಡಿಸುವಾಗ ಬಾಗಿಲ ಸಂದಿಯಿಂದ ನೋಡಿದೆ. ಮಡಿಕೆಯೊಳಗೆ ಬೀರಪ್ಪ ದೇವರ ಭಂಡಾರ, ಆ ಅರಿಶಿನದ ಪುಡಿ, ಒಂದು ಚಿಟಿಕೆ ಉದುರಿಸಿ ಕೈ ಮುಗಿಯುತ್ತಿದ್ದರು.

“ಮಾವ, ಇನ್ನೊಂದು ವಾಪಸ್ ಬಂದ್ರೆ ನಿಮ್ ಅಂಗ್ಡಿ ಮುಚ್ತೀವಿ ಅಂತ ಆನ್‌ಲೈನ್ನೋರು ಮೆಸೇಜ್ ಹಾಕವ್ರೆ. ಇದೊಂದ್ ಬುಟ್ಬುಡಿ,” ಅಂದೆ, ಸಿಟ್ಟಿನಲ್ಲೇ.

“ಭಂಡಾರ ಇಲ್ದೆ ಕಂಬ್ಳಿ ಹೊಸ್ಲು ದಾಟ್ಬಾರ್ದು ಕಣಮ್ಮ. ಹೊದ್ಕಂಡೋರಿಗೆ ಒಳ್ಳೇದಾಗ್ಲಿ ಅಂತ ಇಕ್ಕೋದು. ಬ್ಯಾಡ ಅಂದ್ರೆ ಬ್ಯಾಡ ಬುಡು.”

ಬಿಟ್ಟರು. ಭಂಡಾರದ ಜೊತೆಗೆ ಮಗ್ಗವನ್ನೂ ಬಿಟ್ಟರು. ಮಗ್ಗದ ಗುಂಡಿಗೆ ಇಳಿಯದೆ ಹತ್ತು ದಿನ ಜಗಲಿಯ ಮೇಲೆ ಕೂತು ಬೀದಿ ನೋಡಿದರು. ಐವತ್ತು ವರ್ಷ ಸುಮ್ಮನಿರದ ಕೈ ಅದು. ಅಂಗಡಿ ಉಳಿಸಲು ಹೋಗಿ ಮಾವನನ್ನೇ ಕಳೆದುಕೊಳ್ಳುತ್ತೇನೆಂದು ನನಗೆ ನಿಜವಾಗಿ ಹೆದರಿಕೆಯಾಯಿತು.

ಹನ್ನೊಂದನೆಯ ದಿನ ಪುಣೆಯಿಂದ ಆರ್ಡರ್ ಬಂತು. ಉಳಿದಿದ್ದದ್ದು ಒಂದೇ ಹೊಸ ಕಂಬಳಿ. ನಾನೇ ಮಡಿಸಿದೆ. ದೇವರ ಗೂಡಿನಿಂದ ಭಂಡಾರ ತಂದು, ಮಾವನ ಕಣ್ಣೆದುರೇ, ಒಂದಲ್ಲ, ಎರಡು ಚಿಟಿಕೆ ಹಾಕಿದೆ. ಅವರು ಎದ್ದು ಒಳಗೆ ಹೋಗಿ ಲಾಳಿಯ ಧೂಳು ಒರೆಸಿದರು.

ಎಣಿಸಿದಂತೆಯೇ ಕಂಬಳಿ ವಾಪಸು ಬಂತು. ಅಂಗಡಿ ಮುಚ್ಚಿದ್ದೇವೆ ಎಂಬ ಮೆಸೇಜೂ ಬಂತು. ಅಳು ಬರಬೇಕಿತ್ತು, ಹೊಟ್ಟೆಗೆ ಹಾಲು ಹುಯ್ದಂತಾಯಿತು. ಸ್ಟಾರ್ ಎಷ್ಟು ಬಂತೆಂದು ನೋಡುವುದು, ಮುಖ ಕಾಣದವರ ಬೈಗುಳಕ್ಕೆ ‘ಕ್ಷಮಿಸಿ’ ಎಂದು ಬರೆಯುವುದು, ಎಲ್ಲ ತಪ್ಪಿತು. ಅವತ್ತು ಮಧ್ಯಾಹ್ನ ಚೆನ್ನಾಗಿ ನಿದ್ದೆ ಬಂತು. ಎಚ್ಚರ ಮಾಡಿದ್ದು ಮಗ್ಗದ ಸದ್ದು.

ಮುಂದಿನ ವಾರ ಅದೇ ಕಂಬಳಿ ಹೊತ್ತು ಮಾವನ ಜೊತೆ ಶಿರಾ ಸಂತೆಗೆ ಹೋದೆ. ರಾಯಚರ್ಲು ಕಡೆಯ, ತೆಲುಗು ಮಾತಿನ ಕುರಿಗಾಹಿ ಕದಿರಯ್ಯ ಎಂಬಾತ ಬಿಚ್ಚಿ ನೋಡಿದ. ಹಳದಿ ಕಂಡಿತು. ಹಳೆಯ ಅಭ್ಯಾಸಕ್ಕೆ ‘ಕ್ಷಮಿಸಿ’ ಎನ್ನಲು ಬಾಯಿ ತೆರೆದೆ. ಅವನು ಅದನ್ನು ಬೆರಳಲ್ಲಿ ಒರೆಸಿ ಹಣೆಗಿಟ್ಟುಕೊಂಡ.

“ಬಂಡಾರಂ ಉಂದಿ ಕದಮ್ಮ. ಇದೇ ಕೊಡು, ಬೇರೆ ವದ್ದು,” ಅಂದ. ಭಂಡಾರ ಇದೆಯಲ್ಲ, ಬೇರೆಯದು ಬೇಡವಂತೆ.

ಮಾವ ಕಂಬಳಿಯನ್ನು ಕೈಯಾರೆ ಅವನ ಹೆಗಲಿಗೆ ಹೊದಿಸಿದರು. ಅವನು ಜನರ ನಡುವೆ ಮರೆಯಾಗುವವರೆಗೂ ನೋಡುತ್ತ ನಿಂತರು.

“ವಾಪಸ್ ಬತ್ತದಾ, ಗಂಗಾ?”

“ಇಲ್ಲ ಮಾವ. ಇದು ಬರಲ್ಲ.”