ಚನ್ನಬಸವನ ದೊಡ್ಡಿ

ನನ್ನ ಮೈದುನ ಮಾದೇಶ ಕೇಳಿದ್ದು ಒಂದೇ ಒಂದು ಕಲ್ಲು. ಅದನ್ನು ಕೊಡುವುದಕ್ಕೆ ನಮ್ಮ ಮಾವ ಶಿವರುದ್ರಸ್ವಾಮಿಯವರು ಇಡೀ ಬೇಸಿಗೆ ಸತಾಯಿಸಿದರು.

ಕಲ್ಲೆಂದರೆ ಶಾಗ್ಯದ ನಮ್ಮ ಹಳೇ ಮನೆಯ ಒಲೆಗುಂಡು. ಮೂರು ಗುಂಡಿನ ಆ ಒಲೆಯಲ್ಲಿ ಈಗ ಹಬ್ಬಕ್ಕೆ ಹಾಲು ಉಕ್ಕಿಸುವುದು ಬಿಟ್ಟರೆ ಬೇರೇನೂ ಇಲ್ಲ. ಆದರೂ ನಮ್ಮ ಮನೆತನದವರು ಯಾರೇ ಹೊಸ ಜಾಗದಲ್ಲಿ ನೆಲೆ ನಿಲ್ಲಲು ಹೊರಟರೂ ಅದರಿಂದ ಒಂದು ಗುಂಡು ಹೋಗಬೇಕು. ಹೊರಟವನು ತಾನೇ ಹೊರುವಂತಿಲ್ಲ. ಅಣ್ಣನೋ ಅಪ್ಪನೋ ಹೊತ್ತು ತಂದು, ಹೊಸ ಒಲೆ ಹೂಡಿ, ಮೊದಲ ಬೆಳೆ ಮನೆಗೆ ಬರುವ ತನಕ ಅವನ ಜೊತೆ ಅಲ್ಲೇ ಇರಬೇಕು. ಗುಂಡು ಹೋದ ಜಾಗಕ್ಕೆ ಹಳೇ ಒಲೆಯಲ್ಲಿ ಇನ್ನೊಂದು ಕಲ್ಲಿಟ್ಟು ವಿಭೂತಿ ಹಚ್ಚುತ್ತಾರೆ.

ಮಾದೇಶ ಹೊರಟಿದ್ದು ಲೊಕ್ಕನಹಳ್ಳಿಯಾಚೆ, ಕಾಡಂಚಿನಲ್ಲಿರುವ ನಮ್ಮ ಜಮೀನಿಗೆ. ನಾನು ಈ ಮನೆಗೆ ಸೊಸೆಯಾಗಿ ಬರುವ ಮುಂಚಿನಿಂದಲೂ ಅದು ಬೀಳು ಬಿದ್ದಿತ್ತು. ಪಕ್ಕದವರ ಬೇಲಿ ವರ್ಷವರ್ಷವೂ ಒಳಕ್ಕೆ ಸರಿಯುತ್ತಿತ್ತು. ಶೆಡ್ ಹಾಕಿ, ದನ ಕಟ್ಟಿ, ಮುಂಗಾರಿಗೆ ಜೋಳ ಬಿತ್ತುತ್ತೇನೆ ಎಂದು ಹುಡುಗ ತುದಿಗಾಲಲ್ಲಿ ನಿಂತಿದ್ದ. ಮಾವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಯಳಂದೂರಿನಲ್ಲಿ ಹೈಸ್ಕೂಲ್ ಟೀಚರ್. ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಕೂರುವವರನ್ನು ಕಂಡರೆ ನನಗಾಗದು, ಅದು ಮಾವನಾದರೂ ಸರಿಯೇ. "ಅಣ್ಣನೇ ಹೊರಬೇಕು, ಜೊತೇಲಿರಬೇಕು ಅನ್ನೋದೆಲ್ಲ ಈ ಕಾಲಕ್ಕೆ ಆಗುತ್ತಾ? ಇವರು ಅಂಗಡಿ ಬಿಟ್ಟು ಹೋಗೋಕಾಗುತ್ತಾ? ಮಾದೇಶನ ಕೈಗೇ ಕೊಟ್ಟು ಕಳಿಸಿ" ಎಂದು ಎಷ್ಟು ಸಲ ಹೇಳಿದೆನೋ. ಇವರು ಎಂದರೆ ನನ್ನ ಗಂಡ ಗುರುಪ್ರಕಾಶ್. ಕೊಳ್ಳೇಗಾಲದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾರೆ.

ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದ ಮಾವ ಆಗ ಕೊಳ್ಳೇಗಾಲದ ನಮ್ಮ ಮನೆಯಲ್ಲೇ ಇದ್ದರು. ಹೊತ್ತು ಹೋಗಲೆಂದು ನನ್ನ ಮಗಳು ಪವಿತ್ರ ಅವರಿಗೆ ಒಂದು ಕಂಪ್ಯೂಟರ್ ಆಟ ಕಲಿಸಿದಳು. ಕತ್ತಲು ಮುಚ್ಚಿದ ಒಂದು ಭೂಪಟ. ಅದರಲ್ಲಿ ನಿಮಗೊಂದು ಊರು. ನಾವೊಂದು ಹೆಜ್ಜೆ ನಡೆಸಿದರೆ ಎದುರಾಳಿ ರಾಜರು ಒಂದು ಹೆಜ್ಜೆ ನಡೆಸುತ್ತಾರೆ. ಊರು ಬೆಳೆದಂತೆ ಅಲ್ಲಿಂದ ವಲಸೆಗಾರರು ಹುಟ್ಟುತ್ತಾರೆ. ಅವರನ್ನು ಬೇಗ ಬೇಗ ಕಳಿಸಿ, ನದಿ ದಡ, ಗುಡ್ಡದ ಬುಡ ನೋಡಿ ಹೊಸ ಊರು ಕಟ್ಟಿಸಬೇಕು. ಮೊದಮೊದಲು ಆಲಸ್ಯ ಮಾಡಿದವನು ಆಮೇಲೆ ತಲೆ ಎತ್ತುವುದಿಲ್ಲ.

ಮಾವ ತಮ್ಮ ಊರಿಗೆ ಶಾಗ್ಯ ಎಂದೇ ಹೆಸರಿಡಿಸಿದರು. ಕಣಜ ಕಟ್ಟಿಸಿದರು, ಕೆರೆ ತೋಡಿಸಿದರು. ವಲಸೆಗಾರನೂ ಹುಟ್ಟಿದ. ಆದರೆ ಅವನನ್ನು ಊರ ಬಾಗಿಲು ದಾಟಲು ಬಿಡಲಿಲ್ಲ. ಪವಿತ್ರ ಅಂಗಲಾಚಿದರೂ "ಇರ್ಲಿ ಬುಡು ಮಗ, ಊರು ಇನ್ನೊಸಿ ದಪ್ಪಾಗ್ಲಿ" ಅನ್ನುವರು. ಕೆಂಪು ಬಣ್ಣದ ರಾಜ ನೋಡನೋಡುತ್ತಲೇ ನದಿಯ ಆಚೆ ದಡ ಹಿಡಿದ.

ಒಂದು ಭಾನುವಾರ ಮಧ್ಯಾಹ್ನ ಮಾದೇಶ ಶಾಗ್ಯದಿಂದ ಬಂದ. ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ.

"ಅಪ್ಪಾ, ನಾಳೀಕೆ ಒಂಟೋಯ್ತಾ ಇವ್ನಿ. ಗ್ಯಾಸ್ ಒಲೆ ತಕಂಡೋಯ್ತೀನಿ. ನಿಮ್ ಗುಂಡ ನೀವೇ ಮಡಿಕಳಿ."

ನನಗೆ ತಡೆಯಲಾಗಲಿಲ್ಲ. "ಆಟದಲ್ಲೇ ನೋಡ್ತಿದೀರಲ್ಲ ಮಾವ, ಸುಮ್ಮನೆ ಕೂತವರ ನೆಲ ಯಾರ ಪಾಲಾಗುತ್ತೆ ಅಂತ" ಎಂದೆ.

ಅವರು ಪವಿತ್ರಳ ಕಡೆ ತಿರುಗಿ, "ತಕ್ಕಬಾ ಮಗ ಅದ್ನ. ಕಳ್ಸು ಅವ್ನ" ಎಂದರು.

ಪವಿತ್ರ ಖುಷಿಯಿಂದ ಲ್ಯಾಪ್‌ಟಾಪ್ ತಂದು ಅವರ ತೊಡೆಯ ಮೇಲಿಟ್ಟಳು. ನಾವೆಲ್ಲ ಸುತ್ತ ನಿಂತೆವು. ವಲಸೆಗಾರ ಹೊರಟ. ಬಯಲು ದಾಟಿದ, ಹಳ್ಳ ದಾಟಿದ. ನದಿ ಕಣ್ಣೆದುರೇ ಇತ್ತು. ಅಷ್ಟರಲ್ಲಿ ಕಾಡಿನ ಕತ್ತಲಿಂದ ಕಪ್ಪು ದಂಡೊಂದು ಹೊರಬಂದು ಅವನ ಮೇಲೆ ಬಿತ್ತು. ಅವನು ನಿಂತಿದ್ದ ಜಾಗದಲ್ಲಿ ಹುಲ್ಲು ಮಾತ್ರ ಉಳಿಯಿತು.

"ಅಯ್ಯೋ, ಜೊತೆಗೆ ಕಾವಲಿನವನನ್ನ ಕಳಿಸೋದು ಮರೆತೇಬಿಟ್ವಿ ತಾತ! ಇರಲಿ, ಏನೂ ಆಗಲ್ಲ. ಅವನು ಹೊರಡೋಕೆ ಮುಂಚೆ ಸೇವ್ ಮಾಡಿದೀನಿ. ಅಲ್ಲಿಂದ ಮತ್ತೆ ಆಡೋಣ" ಎಂದಳು ಪವಿತ್ರ.

"ಅಂಗೂ ಮಾಡ್ಬೋದಾ?" ಎಂದರು ಮಾವ.

"ಹೂಂ ತಾತ."

"ಒಂಟಿದ್ನಲ್ಲ, ಅಲ್ಲೀಗಂಟ ಇಂದಕ್ಕೋಗಬೋದಾ?"

ಅವರ ಧ್ವನಿ ಒಡೆಯಿತು. ನಾನು ಆ ಮನುಷ್ಯ ಅತ್ತಿದ್ದನ್ನು ಕಂಡವಳಲ್ಲ. ಅತ್ತೆ ತೀರಿಕೊಂಡಾಗಲೂ ಕಂಬದಂತೆ ಕೂತಿದ್ದರು. ಈಗ ಹೆಗಲ ಮೇಲಿನ ಟವೆಲನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿದರು.

ಅವರಿಗೆ ಚನ್ನಬಸವ ಎಂಬ ತಮ್ಮನಿದ್ದ, ಸಣ್ಣ ವಯಸ್ಸಿಗೇ ಹೋದ ಎಂದಷ್ಟೇ ನಮಗೆ ಗೊತ್ತಿದ್ದದ್ದು. ಉಳಿದದ್ದನ್ನು ಅವತ್ತು ಹೇಳಿದರು. ಆ ಕಾಡಂಚಿನ ಜಮೀನಿಗೆ ಮೊದಲು ಹೊರಟವನು ಚನ್ನಬಸವ. ಗುಂಡು ಹೊತ್ತು ಜೊತೆಗೆ ಹೋಗಬೇಕಿದ್ದವರು ಇವರು. ಆದರೆ ಮನೆಯಲ್ಲಿ ರೇಷ್ಮೆಹುಳು ಗೂಡು ಕಟ್ಟುವಷ್ಟು ಹಣ್ಣಾಗಿದ್ದವು. ಹಣ್ಣಾದ ಹುಳುವನ್ನು ಆಗಿಂದಾಗ್ಗೆ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಗೂಡು ಕೆಟ್ಟು ಬೆಳೆಯೇ ಹಾಳು.

"ನೀ ಮುಂದ್ಕೆ ನಡೀಲಾ, ಗೂಡ್ ಬುಡ್ಸಿ ಬತ್ತೀನಿ ಅಂತ ಗುಂಡ ಅವನ್ ಕೈಗೇ ಕೊಟ್ಟೆ. ನಕ್ಕಂಡೇ ಓದ. ಇನ್ನಾ ಗೂಡು ಬುಡ್ಸಿರ್ನಿಲ್ಲ, ಆನೆ ತುಳೀತು ಅಂತ ಸುದ್ದಿ ಬಂತು. ನಾ ಓಗಿ ನೋಡ್ದಾಗ ಗುಂಡು ಚೀಲದಲ್ಲೇ ಇತ್ತು. ಅಣ್ಣ ಬಂದು ಒಲೆ ಊಡ್ಲಿ ಅಂತ ಕಾಯ್ತಿದ್ದ ಕನವ್ವ. ಬರೀ ಅವಲಕ್ಕಿ ತಿನ್ಕಂಡು ಕಾಯ್ತಿದ್ದ."

ಮಾದೇಶ ಅಪ್ಪನ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟ.

ಮಾವ ಮೂಗು ಒರೆಸಿಕೊಂಡು, "ಅದೇನೋ ಇಂದಕ್ಕೆ ತಕ್ಕೋಯ್ತೀನಿ ಅಂದ್ಯಲ್ಲ, ತಕ್ಕೋಗು ಮಗ" ಎಂದರು. ವಲಸೆಗಾರ ಮತ್ತೆ ಊರ ಬಾಗಿಲಲ್ಲಿ ನಿಂತ. ಈ ಸಲ ಕಾವಲಿನವನು ಮುಂದೆ, ಅವನು ಹಿಂದೆ. ಕಪ್ಪು ದಂಡು ಬಂದು ಹಿಂದಕ್ಕೆ ಹೋಯಿತು. ನದಿಯ ದಡದಲ್ಲಿ ಹೊಸ ಊರು ಎದ್ದಿತು, ಆಟ ಅದಕ್ಕೊಂದು ಹೆಸರು ಕೇಳಿತು. ನಮ್ಮ ಸೀಮೆಯಲ್ಲಿ ಕಾಡಂಚಿಗೆ ಹೋಗಿ ದನ ಕಟ್ಟಿದವನ ದೊಡ್ಡಿಯೇ ಬೆಳೆದು ಊರಾಗುತ್ತದೆ, ಅವನ ಹೆಸರೇ ಊರಿಗೆ ನಿಲ್ಲುತ್ತದೆ.

"ಚನ್ನಬಸವನ ದೊಡ್ಡಿ ಅಂತ ಬರಿ" ಎಂದರು. ಪವಿತ್ರ ಕಣ್ಣೊರೆಸಿಕೊಂಡು ಬರೆದಳು.

ಆಮೇಲೆ ಅವರು ನನ್ನ ಗಂಡನ ಕಡೆ ನೋಡಿದರು. "ನಂಗೆ ಕಾಲಿಲ್ಲ. ಇಲ್ದಿದ್ರೆ ನಾನೇ ಓಗ್ತಿದ್ದೆ. ಗುಂಡ ನೀ ವರ್ಬೇಕು ಕನಪ್ಪ, ಜೊತೇಲಿ ಇರ್ಬೇಕು. ಆಗಕಿಲ್ಲ ಅಂದ್ರೆ ಯೋಳ್ಬುಡು, ಇವ್ನೂ ಓಗದು ಬ್ಯಾಡ."

ಗುರುಪ್ರಕಾಶ್ ನನ್ನ ಮುಖ ನೋಡಿದರು. ಮಾದೇಶನೂ ನೋಡಿದ. ಕಳಿಸಿ, ಕಳಿಸಿ ಎಂದು ಬೇಸಿಗೆಯೆಲ್ಲ ಬಾಯಿ ಬಡಿದುಕೊಂಡವಳು ನಾನು. ಮೈದುನನನ್ನು ಕಳಿಸಿ ಎನ್ನುವಾಗ ಆ ಕಾಡಲ್ಲಿ ಆನೆಯಿದೆ ಎಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಈಗ ಅನ್ನಿಸಿತು. ಬೇಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಅಂಗಡಿ ಬೀಗ ಹಾಕೋಣ. ನನ್ನ ಸಂಬಳ ಇದೆಯಲ್ಲ" ಎಂದೆ. ಹೇಳಿ ಒಳಗೆ ಹೋಗಿ ಒಬ್ಬಳೇ ಅತ್ತೆ.

ಮಾರನೇ ದಿನ ಶಾಗ್ಯದ ಒಲೆಯಿಂದ ಗುಂಡು ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ, ನನ್ನ ಗಂಡನ ಹೆಗಲ ಮೇಲೆ ನಾನೇ ಇಟ್ಟೆ. ನಾನಂದುಕೊಂಡದ್ದಕ್ಕಿಂತ ಭಾರವಿತ್ತು. ಮಾದೇಶ ಬರಿಗೈಯಲ್ಲಿ ಅಣ್ಣನ ಹಿಂದೆ ನಡೆದ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಲ್ಲಿಂದ ಫೋನ್ ಬಂತು. ಒಲೆ ಹೂಡಿದ್ದಾಯಿತು, ಆನೆ ಬಾರದಂತೆ ಶೆಡ್ಡಿನ ಸುತ್ತ ಬೆಂಕಿ ಹಾಕಿದ್ದೇವೆ ಎಂದು ಇವರು ಹೇಳಿದರು. ಮಾವ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು ಕೇಳಿದ್ದು ಒಂದೇ ಮಾತು: "ಇಬ್ರೂ ಉಂಡ್ರಾ?"

ಜೋಳ ಈಗ ಮೊಣಕಾಲುದ್ದ ಬಂದಿದೆಯಂತೆ. ದಿನಾ ಸಂಜೆ ಫೋನ್ ಬರುತ್ತದೆ. ಮಾವನವರಿಗಿಂತ ಮೊದಲು ನಾನೇ ಎತ್ತಿಕೊಂಡು, ಇಬ್ಬರೂ ಉಂಡಿರಾ ಎಂದು ಕೇಳುತ್ತೇನೆ.