ಸೇನೆ ಹೊರಟ ಮೇಲಿನ ನೆಂಟಸ್ತಿಕೆ

ಒಬ್ಬರ ಮನೆಯಲ್ಲಿ ವರ್ಷಾನುಗಟ್ಟಲೆ ಉಂಡು, ಹೊರಡುವಾಗ ಬಾಗಿಲ ಚಿಲಕವನ್ನೂ ಕಿತ್ತುಕೊಂಡು ಹೋಗುವುದಕ್ಕೆ ನನ್ನ ಬಾಸ್ ಹ್ಯಾರಿಸ್ ಅಚ್ಚುಕಟ್ಟುತನ ಎಂದು ಹೆಸರಿಟ್ಟಿದ್ದ. ಒಂದು ಪುಟ್ಟ ದ್ವೀಪರಾಷ್ಟ್ರದಲ್ಲಿ ಅಮೆರಿಕದ ಸೇನೆ ಇರುವ ಒಪ್ಪಂದ 2008ರ ಕೊನೆಗೆ ಮುಗಿಯುವುದಿತ್ತು. ದ್ವೀಪದವರು ಸೇನೆ ಬೇಡವೆಂದಿದ್ದರು, ಸ್ನೇಹ ಬೇಡವೆಂದಿರಲಿಲ್ಲ. ಸೇನೆಯಿಲ್ಲದೆ ಮೈತ್ರಿ ಉಳಿದೀತೇ ಎಂದು ವರದಿ ಬರೆಯುವ ಕೆಲಸ ವಾಷಿಂಗ್ಟನ್ನಿನ ನಮ್ಮ ಸಂಸ್ಥೆಗೆ ಬಂದಿತ್ತು.

ಉಳಿಯುತ್ತದೆ, ಆದರೆ ಸೇನಾನೆಲೆಯ ಆಸ್ಪತ್ರೆಯನ್ನು ಬಿಚ್ಚಿ ತರಬಾರದು ಎಂದು ನಾನು ಬರೆದೆ. ನಮ್ಮ ಪುತ್ತೂರಿನಲ್ಲಿ ಪಕ್ಕದ ಮನೆಯವರ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಹಾಕುತ್ತೇವೆ. ಹ್ಯಾರಿಸ್ ಆ ಪುಟವನ್ನೇ ತೆಗೆಸಿದ. ಜಾಗವನ್ನು ಪಡೆದಾಗ ಇದ್ದಂತೆ ಬರಿದಾಗಿಯೇ ಒಪ್ಪಿಸುವುದು ಪದ್ಧತಿಯಂತೆ. ನಾಳೆ ದ್ವೀಪದ ರಾಯಭಾರಿಯ ಮುಂದೆ ಬಾಯಿಬಿಟ್ಟರೆ ನನಗೆ ಕೆಲಸವಿಲ್ಲವೆಂದೂ ಹೇಳಿದ.

ಕೆಲಸ ಹೋದರೆ ನಮ್ಮಿಬ್ಬರ ವೀಸಾವೂ ಹೋಗುತ್ತದೆ. ಆ ರಾತ್ರಿ ವಾಷಿಂಗ್ಟನ್ ಪಕ್ಕದ ಲ್ಯಾನ್‌ಹ್ಯಾಮ್‌ನ ನಮ್ಮ ಮನೆಯಲ್ಲಿ ಗಂಡ ಗುರುಪ್ರಸಾದ್ ಊಟದ ತಟ್ಟೆ ಬದಿಗೆ ಸರಿಸಿದರು.

“ಗ್ರೀನ್ ಕಾರ್ಡ್ ಬರುವವರೆಗೆ ಬಾಯಿ ಮುಚ್ಚಿ ಕೂತ್ಕೊಳ್ಳಲಿಕ್ಕೆ ಆಗುದಿಲ್ವಾ ಮಾರಾಯ್ತಿ?”

“ನೋಡ್ತೇನೆ,” ಅಂದೆ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಮರುದಿನ ರಾಯಭಾರಿ ನಮ್ಮ ಸಂಸ್ಥೆಗೆ ಬಂದರು. ವಯಸ್ಸಾದವರು, ಮೆದು ಮಾತಿನವರು. ಏನೇನು ಕಳಚಿ ಹಡಗಿಗೆ ಏರಿಸಲಾಗುವುದು ಎಂದು ಹ್ಯಾರಿಸ್ ಹೆಮ್ಮೆಯಿಂದ ವಿವರಿಸಿದ. ಪೂರ್ತಿ ಕೇಳಿದ ಮೇಲೆ ಅವರು, ಹಾಗಾದರೆ ಮುಂದಿನ ವರ್ಷ ನಾವು ನಿಮಗೆ ಯಾರು ಎಂದು ಕೇಳಿದರು. ಹ್ಯಾರಿಸ್ ಉತ್ತರವೆಂಬಂತೆ ಸಾಮಾನುಗಳ ಪಟ್ಟಿಯನ್ನೇ ಅವರ ಮುಂದೆ ಸರಿಸಿದ. ಅವರು ಎದ್ದು ಕೋಟು ಕೈಗೆತ್ತಿಕೊಂಡರು. ಬಾಗಿಲು ದಾಟಿದರೆ ಆ ನೆಂಟಸ್ತಿಕೆ ಅಲ್ಲಿಗೆ ಮುಗಿದಂತೆ.

“ಸರ್, ಆಸ್ಪತ್ರೆ ನಿಮ್ಮಲ್ಲೇ ಉಳೀಬೇಕು ಅಂತ ನಾನು ಬರೆದಿದ್ದೆ,” ಎಂದು ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟೆ. “ಡಾಕ್ಟರುಗಳನ್ನ ನಾವು ಕಳಿಸ್ಬೇಕು. ಬಂದೂಕು ಇಲ್ಲದೇನೂ ನಾವು ನಿಮ್ಮವರೇ ಅಂತ ತೋರಿಸ್ಬೇಕು.”

ಹ್ಯಾರಿಸ್‌ನ ಮುಖ ಕೆಂಡವಾಯಿತು. ಇದು ಸಂಸ್ಥೆಯ ಅಭಿಪ್ರಾಯವಲ್ಲ, ಇವರು ಇನ್ನು ಸಂಸ್ಥೆಯವರೂ ಅಲ್ಲ ಎಂದು ಎಲ್ಲರೆದುರೇ ಹೇಳಿ ನನಗೆ ಬಾಗಿಲು ತೋರಿಸಿದ. ಮನೆಯಲ್ಲಿ ಗುರುಪ್ರಸಾದ್‌ಗೆ ಏನು ಹೇಳಲಿ ಎಂದುಕೊಳ್ಳುತ್ತ ಚೀಲ ಎತ್ತಿಕೊಂಡೆ.

ರಾಯಭಾರಿ ಕೋಟನ್ನು ಕುರ್ಚಿಯ ಮೇಲೆ ಹಾಕಿ ಮತ್ತೆ ಕುಳಿತರು. “ಇವರು ಕೂತರೆ ಮಾತ್ರ ನಾನೂ ಕೂತಿರುತ್ತೇನೆ,” ಎಂದರು.

ಹ್ಯಾರಿಸ್ ನನ್ನತ್ತ ನೋಡಿದ. ನಾನು ಅವನ ಅಪ್ಪಣೆಗೆ ಕಾಯದೆ ಕುರ್ಚಿ ಎಳೆದುಕೊಂಡೆ.